ಲಸಾಅ ಬರುತ್ತದೆ, ಮಾತಿನ ಲೆಕ್ಕ ಬರುವುದಿಲ್ಲ

ಪ್ರಶ್ನೆ: ನಾವು ಹಾಸನದವರು. ಮಗಳು ಆರನೇ ತರಗತಿ. "12, 15, 18ರ ಲಸಾಅ ಕಂಡುಹಿಡಿ" (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಎಂದರೆ ಪಟಪಟನೆ ಮಾಡುತ್ತಾಳೆ. ಅದನ್ನೇ ಮಾತಿನ ಲೆಕ್ಕವಾಗಿ ಕೊಟ್ಟರೆ ಪೆನ್ಸಿಲ್ ಕಚ್ಚುತ್ತ ಕೂರುತ್ತಾಳೆ. ಮೊನ್ನೆ ಕಿರುಪರೀಕ್ಷೆಯಲ್ಲಿ ಹೀಗೆ ಕೇಳಿದ್ದರು: "ಒಂದು ನಿಲ್ದಾಣದಿಂದ ಬೇಲೂರಿಗೆ 12 ನಿಮಿಷಕ್ಕೊಮ್ಮೆ, ಸಕಲೇಶಪುರಕ್ಕೆ 15 ನಿಮಿಷಕ್ಕೊಮ್ಮೆ, ಅರಸೀಕೆರೆಗೆ 18 ನಿಮಿಷಕ್ಕೊಮ್ಮೆ ಬಸ್ಸು ಹೊರಡುತ್ತದೆ. ಬೆಳಿಗ್ಗೆ 6 ಗಂಟೆಗೆ ಮೂರೂ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ?" ಅವಳು 3 ನಿಮಿಷ ಎಂದು ಬರೆದು ಬಂದಿದ್ದಾಳೆ. "ಕನಿಷ್ಠ ಅಂದ್ರೆ ಲಸಾಅ, ಗರಿಷ್ಠ ಅಂದ್ರೆ ಮಸಾಅ ಅಂತ ಹೇಳಿಕೊಟ್ಟಿದ್ರು. ಇದರಲ್ಲಿ ಎರಡೂ ಇರಲಿಲ್ವಲ್ಲ" ಅನ್ನುತ್ತಾಳೆ. (ಮಸಾಅ ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಕೊಟ್ಟ ಎಲ್ಲ ಸಂಖ್ಯೆಗಳನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ.) ನಾನು ಮನೆಯಲ್ಲಿ ಹೇಗೆ ಹೇಳಿಕೊಡಲಿ? ದಿನಕ್ಕೆ ಎಷ್ಟು ಲೆಕ್ಕ ಮಾಡಿಸಲಿ?

ಉತ್ತರ: ನಿಮ್ಮ ಮಗಳು ತನ್ನ ತೊಂದರೆ ಏನೆಂದು ತಾನೇ ಹೇಳಿಬಿಟ್ಟಿದ್ದಾಳೆ. ಅವಳು ಲೆಕ್ಕ ಓದಲಿಲ್ಲ, ಲೆಕ್ಕದಲ್ಲಿ ಒಂದು ಪದ ಹುಡುಕಿದಳು. ಪದ ಸಿಗಲಿಲ್ಲ, ಕೈಗೆ ಬಂದ ವಿಧಾನ ಹಿಡಿದಳು. ತಪ್ಪು ಮಗುವಿನದಲ್ಲ. "ಕನಿಷ್ಠ ಎಂದರೆ ಲಸಾಅ" ಎನ್ನುವ ಸೂತ್ರವನ್ನು ಎಷ್ಟೋ ಕಡೆ ಗಂಟುಪಾಠ ಮಾಡಿಸುತ್ತಾರೆ, ಅದು ಅರ್ಧ ಲೆಕ್ಕಗಳಿಗೆ ಹೊಂದುತ್ತದೆ, ಉಳಿದರ್ಧಕ್ಕೆ ಕೈಕೊಡುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಈ ಒಂದು ಸೂತ್ರವನ್ನು ಮರೆಸುವುದಕ್ಕೆ ಪ್ರತಿ ವರ್ಷ ಜೂನ್, ಜುಲೈ ಎರಡು ತಿಂಗಳು ಹೋಗುತ್ತಿತ್ತು.

ಅದು ಹೇಗೆ ಕೈಕೊಡುತ್ತದೆ ನೋಡಿ. "420 ಸೆಂ.ಮೀ. ಉದ್ದ, 300 ಸೆಂ.ಮೀ. ಅಗಲದ ಕೋಣೆಗೆ ಒಂದೇ ಅಳತೆಯ ಚೌಕ ಟೈಲ್ಸ್ ಹಾಕಬೇಕು, ಯಾವುದನ್ನೂ ಕತ್ತರಿಸಬಾರದು, ಕನಿಷ್ಠ ಎಷ್ಟು ಟೈಲ್ಸ್ ಬೇಕು?" ಪ್ರಶ್ನೆಯಲ್ಲಿ ಕನಿಷ್ಠ ಇದೆ. ಆದರೆ ಟೈಲ್ಸ್ ಕಡಿಮೆ ಆಗಬೇಕಾದರೆ ಒಂದೊಂದೂ ದೊಡ್ಡದಿರಬೇಕು, ಅಂದರೆ ಬೇಕಾದದ್ದು ಮಸಾಅ. 420 ಮತ್ತು 300ರ ಮಸಾಅ 60. ಉದ್ದಕ್ಕೆ 7, ಅಗಲಕ್ಕೆ 5, ಒಟ್ಟು 35 ಟೈಲ್ಸ್. ಇದಕ್ಕೆ ತಿರುಗುಮುರುಗು ಇನ್ನೊಂದು: "12, 15, 18ರಿಂದ ನಿಶ್ಶೇಷವಾಗಿ ಭಾಗವಾಗುವ, ನಾಲ್ಕಂಕಿಯ ಅತಿ ದೊಡ್ಡ ಸಂಖ್ಯೆ ಯಾವುದು?" ಇಲ್ಲಿ 'ಅತಿ ದೊಡ್ಡ' ಇದೆ, ಬೇಕಾದದ್ದು ಲಸಾಅ. ಲಸಾಅ 180. 9999ನ್ನು 180ರಿಂದ ಭಾಗಿಸಿದರೆ 99 ಉಳಿಯುತ್ತದೆ, ಅದನ್ನು ಕಳೆದರೆ 9900.

ಹಾಗಾದರೆ ಮಗು ಏನನ್ನು ನೋಡಬೇಕು? ಯಾವುದರೊಳಗೆ ಯಾವುದು ಕೂರುತ್ತದೆ ಎನ್ನುವುದನ್ನು. ನಿಮ್ಮ ಮನೆಯಲ್ಲಿ ಹಳೆಯ ಪಾವು, ಸೇರು ಇದ್ದರೆ ಅಟ್ಟದಿಂದ ಕೆಳಗಿಳಿಸಿ. ನಾಲ್ಕು ಪಾವು ಅಕ್ಕಿ ಸುರಿದರೆ ಸೇರು ತುಂಬುತ್ತದೆ. ಪಾವು ಸೇರಿನೊಳಗೆ ಕೂರುತ್ತದೆ, ಸೇರು ಪಾವಿನೊಳಗೆ ಕೂರುವುದಿಲ್ಲ. ಮಾತಿನ ಲೆಕ್ಕ ಓದಿದ ಕೂಡಲೇ ಕೇಳಬೇಕಾದ ಪ್ರಶ್ನೆ ಇದೊಂದೇ: ಕೊಟ್ಟಿರುವ ಸಂಖ್ಯೆಗಳು ಪಾವೋ, ಸೇರೋ? ಕೊಟ್ಟ ಸಂಖ್ಯೆಗಳನ್ನೇ ಮತ್ತೆಮತ್ತೆ ಹಾಕುತ್ತ ಹೋಗಿ ಉತ್ತರ ಮುಟ್ಟಬೇಕಾದರೆ ಅವು ಪಾವು, ಉತ್ತರ ಸೇರು. ಆಗ ಉತ್ತರ ಅವೆಲ್ಲಕ್ಕೂ ಅಪವರ್ತ್ಯ, ಬೇಕಾದದ್ದು ಲಸಾಅ. ಕೊಟ್ಟ ಸಂಖ್ಯೆಗಳನ್ನೇ ಸಮನಾಗಿ ತುಂಡು ಮಾಡಬೇಕಾದರೆ ಅವು ಸೇರು, ಉತ್ತರ ಪಾವು, ಬೇಕಾದದ್ದು ಮಸಾಅ. ಕೋಣೆಯ 420, 300 ಎರಡೂ ಸೇರುಗಳು, ಟೈಲ್ಸ್ ಪಾವು. ಬಸ್ಸಿನ 12, 15, 18 ಮೂರೂ ಪಾವುಗಳು.

ಈಗ ಬಸ್ಸಿನ ಲೆಕ್ಕಕ್ಕೆ ಬರೋಣ. ವಿಧಾನವನ್ನು ಪಕ್ಕಕ್ಕಿಡಿ. ಮಗಳ ಕೈಲಿ ಮೂರು ಸಾಲು ಬರೆಸಿ. ಬೇಲೂರು: 6:00, 6:12, 6:24, 6:36, 6:48, 7:00. ಸಕಲೇಶಪುರ: 6:00, 6:15, 6:30, 6:45, 7:00. ಅರಸೀಕೆರೆ: 6:00, 6:18, 6:36, 6:54, 7:12. ಇಷ್ಟು ಬರೆಯುವಷ್ಟರಲ್ಲಿ ಅವಳಿಗೇ ಕಾಣುತ್ತದೆ, 6:03ಕ್ಕೆ ನಿಲ್ದಾಣದಿಂದ ಯಾವ ಬಸ್ಸೂ ಹೊರಡುವುದಿಲ್ಲ ಎಂದು. 3 ನಿಮಿಷ ಎಂಬ ಉತ್ತರ ಏಕೆ ತಪ್ಪು ಎಂದು ನೀವು ವಿವರಿಸುವುದೇ ಬೇಡ. ಇನ್ನೂ ಒಂದು ಕಾಣುತ್ತದೆ. 6:36ಕ್ಕೆ ಬೇಲೂರು, ಅರಸೀಕೆರೆ ಬಸ್ಸುಗಳು ಸೇರಿದವು, ಸಕಲೇಶಪುರದ್ದು ಇಲ್ಲ. 7 ಗಂಟೆಗೆ ಬೇಲೂರು, ಸಕಲೇಶಪುರ ಸೇರಿದವು, ಆದರೆ ಅರಸೀಕೆರೆಯದು ಆರು ನಿಮಿಷ ಮೊದಲೇ ಹೊರಟುಹೋಗಿದೆ. 8 ಗಂಟೆಗೂ ಅದೇ ಕಥೆ. ಸಾಲು ಬೆಳೆಸುತ್ತ ಹೋದರೆ 9 ಗಂಟೆಗೆ ಮೂರೂ ಸೇರುತ್ತವೆ. 180 ನಿಮಿಷ, ಮೂರು ಗಂಟೆ. ಒಂದು ಸಲ ಈ ಉದ್ದದ ಕೆಲಸ ಮಾಡಿದ ಮಗುವಿಗೆ ಲಸಾಅ ವಿಧಾನ ಏಕೆ ಬೇಕಾಯಿತು ಎನ್ನುವುದು ಕೈನೋವಿನಿಂದಲೇ ತಿಳಿಯುತ್ತದೆ.

ಆಮೇಲೆ ವಿಧಾನ ತೋರಿಸಿ. 12 ಎಂದರೆ 2×2×3. 15 ಎಂದರೆ 3×5. 18 ಎಂದರೆ 2×3×3. ಮೂರನ್ನೂ ಒಳಗೆ ಕೂರಿಸಿಕೊಳ್ಳುವ ಸೇರು ಕಟ್ಟಬೇಕು. 12 ಕೂರಬೇಕಾದರೆ ಎರಡು 2 ಬೇಕೇ ಬೇಕು. 18 ಕೂರಬೇಕಾದರೆ ಎರಡು 3 ಬೇಕು. 15 ಕೂರಬೇಕಾದರೆ ಒಂದು 5 ಬೇಕು, ಅದಕ್ಕೆ ಬೇಕಾದ 3 ಆಗಲೇ ಬಂದಿದೆ. 2×2×3×3×5 = 180. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಶಾಲೆಯಲ್ಲಿ ಭಾಗಾಕಾರ ವಿಧಾನವನ್ನೇ ಹೆಚ್ಚು ಮಾಡಿಸುತ್ತಾರೆ, ಮಾಡಲಿ. ಅಲ್ಲಿ ಒಂದು ಕಡೆ ಮಕ್ಕಳು ಎಡವುತ್ತಾರೆ. 12, 15, 18ನ್ನು 3ರಿಂದ ಭಾಗಿಸಿ 4, 5, 6 ಎಂದು ಬರೆಯುತ್ತಾರೆ. "ಮೂರನ್ನೂ ಭಾಗಿಸುವ ಸಂಖ್ಯೆ ಇನ್ನಿಲ್ಲ" ಎಂದು ಅಲ್ಲಿಗೇ ನಿಲ್ಲಿಸಿ 3×4×5×6 = 360 ಬರೆದುಬಿಡುತ್ತಾರೆ. 4ಕ್ಕೂ 6ಕ್ಕೂ 2 ಹೋಗುತ್ತದಲ್ಲ, ಯಾವುದೇ ಎರಡಕ್ಕೆ ಹೋಗುವ ಸಂಖ್ಯೆ ಇರುವ ತನಕ ಭಾಗಿಸಬೇಕು. 2ರಿಂದ ಭಾಗಿಸಿದರೆ 2, 5, 3. ಆಗ 3×2×2×5×3 = 180. ಮೂರಕ್ಕೂ ಹೋಗುವುದು ಮುಗಿದಾಗ ನಿಲ್ಲುವುದು ಮಸಾಅದ ನಿಯಮ. ಎರಡು ವಿಧಾನಗಳೂ ನೋಡಲು ಒಂದೇ ತರಹ, ಅದಕ್ಕೇ ಇಲ್ಲಿ ಕಲಸಿಹೋಗುತ್ತವೆ. ನಿಮ್ಮ ಮಗಳ ನೋಟ್ಸಿನಲ್ಲಿ ಇದನ್ನು ಮೊದಲು ಪರೀಕ್ಷಿಸಿ.

ಇದೇ ಲೆಕ್ಕವನ್ನು ಮುಂದುವರಿಸಿ "ಮಧ್ಯಾಹ್ನ 12ರ ತನಕ ಎಷ್ಟು ಸಲ ಒಟ್ಟಿಗೆ ಹೊರಡುತ್ತವೆ?" ಎಂದು ಕೇಳಿದರೆ ಮಕ್ಕಳು 6 ಗಂಟೆಯನ್ನು 3ರಿಂದ ಭಾಗಿಸಿ 2 ಎನ್ನುತ್ತಾರೆ. 6, 9, 12, ಮೂರು ಸಲ. ಮೊದಲನೆಯದನ್ನೂ ಎಣಿಸಬೇಕೋ ಬೇಡವೋ ಎಂದು ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಯೇ ತೀರ್ಮಾನಿಸಬೇಕು. "6ರ ನಂತರ ಎಷ್ಟು ಸಲ" ಎಂದಿದ್ದರೆ 2 ಸರಿ.

ಕನ್ನಡದಲ್ಲಿ ಲೆಕ್ಕ ಓದುವ ಮಕ್ಕಳಿಗೆ ಇನ್ನೊಂದು ತೊಡಕಿದೆ, ಅದು ನಮ್ಮ ಮಾತಿನಲ್ಲೇ ಇದೆ. ಇದಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. "ಮೂರು ದಿನಕ್ಕೊಮ್ಮೆ" ಬೇರೆ, "ಮೂರು ದಿನ ಬಿಟ್ಟು" ಬೇರೆ. ಒಂದು ಲೆಕ್ಕ ಮಾಡಿ: ನಮ್ಮ ಬೀದಿಗೆ ಎರಡು ದಿನ ಬಿಟ್ಟು ನಲ್ಲಿಯಲ್ಲಿ ನೀರು ಬರುತ್ತದೆ. ಪಕ್ಕದ ಬೀದಿಗೆ ಮೂರು ದಿನ ಬಿಟ್ಟು ಬರುತ್ತದೆ. ಈ ಸೋಮವಾರ ಎರಡಕ್ಕೂ ಬಂತು, ಮತ್ತೆ ಎರಡಕ್ಕೂ ಒಂದೇ ದಿನ ಬರುವುದು ಯಾವಾಗ? ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳು 2 ಮತ್ತು 3ರ ಲಸಾಅ 6 ತೆಗೆದು, ಭಾನುವಾರ ಎನ್ನುತ್ತಾರೆ. ಬೆರಳು ಮಡಚಿ ಎಣಿಸಿ. ಎರಡು ದಿನ ಬಿಟ್ಟು ಎಂದರೆ ಸೋಮವಾರ ಬಂದ ನೀರು ಮಂಗಳವಾರ ಇಲ್ಲ, ಬುಧವಾರ ಇಲ್ಲ, ಗುರುವಾರ ಬರುತ್ತದೆ. ಒಂದು ಸಲದಿಂದ ಮುಂದಿನ ಸಲಕ್ಕೆ ಹೆಜ್ಜೆ 3. ಪಕ್ಕದ ಬೀದಿಗೆ ಶುಕ್ರವಾರ, ಹೆಜ್ಜೆ 4. ನಮಗೆ ಸೋಮ, ಗುರು, ಭಾನು, ಬುಧ, ಶನಿ. ಅವರಿಗೆ ಸೋಮ, ಶುಕ್ರ, ಮಂಗಳ, ಶನಿ. 12 ದಿನ ಕಳೆದು, ಶನಿವಾರ. ಭಾನುವಾರ ನಮ್ಮ ನಲ್ಲಿಯಲ್ಲಿ ಮಾತ್ರ ನೀರು.

"ದಿನ ಬಿಟ್ಟು ದಿನ" ಎಂದರೆ ಹೆಜ್ಜೆ 2 ಎಂದು ಎಲ್ಲರಿಗೂ ಗೊತ್ತು, ಯಾರೂ ತಪ್ಪುವುದಿಲ್ಲ. ಅದನ್ನೇ ಮಾದರಿಯಾಗಿ ಹಿಡಿಯಲು ಹೇಳಿ. ಬಿಟ್ಟ ದಿನಗಳಿಗೆ ಒಂದು ಸೇರಿಸಿದರೆ ಹೆಜ್ಜೆ. ಹಳ್ಳಿಯ ಕಡೆಯ ಅಜ್ಜಿ ಮನೆಯಲ್ಲಿದ್ದರೆ ಇನ್ನೂ ಒಂದು ಮಾತು ಕಿವಿಗೆ ಬಿದ್ದಿರುತ್ತದೆ: "ಎಂಟು ದಿನಕ್ಕೊಂದು ಸಂತೆ." ಸೋಮವಾರದಿಂದ ಸೋಮವಾರಕ್ಕೆ ಎರಡು ತುದಿಯನ್ನೂ ಎಣಿಸಿ ಎಂಟು ಎನ್ನುವುದು ನಮ್ಮ ರೂಢಿ. ಹೆಜ್ಜೆ ಮಾತ್ರ 7. "ಹದಿನೈದು ದಿನಕ್ಕೊಮ್ಮೆ" ಎಂದು ಎರಡು ವಾರವನ್ನು ಹೇಳುವುದೂ ಹೀಗೆಯೇ, ಅದರ ಹೆಜ್ಜೆ 14. ಅಜ್ಜಿ ತಪ್ಪು ಹೇಳುತ್ತಿಲ್ಲ, ಎಣಿಸುವ ಕ್ರಮ ಬೇರೆ. ಪರೀಕ್ಷೆಯಲ್ಲಿ "8 ದಿನಗಳಿಗೊಮ್ಮೆ" ಎಂದು ಅಂಕಿಯಲ್ಲಿ ಕೊಟ್ಟಿದ್ದರೆ ಹೆಜ್ಜೆ 8 ಎಂದೇ ಹಿಡಿಯಬೇಕು. ಮನೆಯ ಮಾತು, ಪುಸ್ತಕದ ಮಾತು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಗು ಎರಡನ್ನೂ ಗೌರವದಿಂದ ಕಲಿಯುತ್ತದೆ.

ಶೇಷ ಉಳಿಯುವ ಲೆಕ್ಕಗಳು ಮುಂದಿನ ಗುಂಪು. ಮಕ್ಕಳು ಇವನ್ನು ಕಂಡರೆ ಹೆದರುತ್ತಾರೆ, ಹೆದರುವಂಥದ್ದು ಏನಿಲ್ಲ. ಅರಸೀಕೆರೆ ಕಡೆ ತೆಂಗಿನ ತೋಟದಲ್ಲಿ ಕಾಯಿ ರಾಶಿ ಹಾಕಿದ್ದಾರೆ ಎಂದುಕೊಳ್ಳಿ. ನಾಲ್ಕು ನಾಲ್ಕಾಗಿ ಎಣಿಸಿದರೂ, ಐದೈದಾಗಿ ಎಣಿಸಿದರೂ, ಆರಾರಾಗಿ ಎಣಿಸಿದರೂ ಮೂರು ಕಾಯಿ ಉಳಿಯುತ್ತವೆ. ರಾಶಿ ನೂರರ ಮೇಲಿದೆ, ನೂರೈವತ್ತರ ಒಳಗಿದೆ. ಎಷ್ಟು ಕಾಯಿ? ಉಳಿದ ಆ ಮೂರನ್ನು ಎತ್ತಿ ಪಕ್ಕಕ್ಕಿಡಿ. ಈಗ ರಾಶಿ ಮೂರು ರೀತಿಯಲ್ಲೂ ಸರಿಯಾಗಿ ಹೋಗುತ್ತದೆ, ಅಂದರೆ ಅದು 4, 5, 6ರ ಲಸಾಅ ಆದ 60ರ ಮಗ್ಗಿಯಲ್ಲಿದೆ: 60, 120, 180. ಪಕ್ಕಕ್ಕಿಟ್ಟ ಮೂರನ್ನು ಮರಳಿ ಹಾಕಿದರೆ 63, 123, 183. ನಮಗೆ ಬೇಕಾದದ್ದು 123.

ಇನ್ನೊಂದು ಬಗೆ: ನಾಲ್ಕರಿಂದ ಎಣಿಸಿದರೆ 3, ಐದರಿಂದ 4, ಆರರಿಂದ 5 ಉಳಿಯುತ್ತವೆ. ಶೇಷ ಬೇರೆಬೇರೆ, ಏನನ್ನು ಪಕ್ಕಕ್ಕಿಡುವುದು? ಇಲ್ಲಿ ತೆಗೆಯಬೇಡಿ, ಸೇರಿಸಿ. ಪಕ್ಕದ ಮನೆಯಿಂದ ಒಂದೇ ಒಂದು ಕಾಯಿ ತಂದು ರಾಶಿಗೆ ಹಾಕಿ. 3 ಇದ್ದದ್ದು 4 ಆಯಿತು, 4 ಇದ್ದದ್ದು 5, 5 ಇದ್ದದ್ದು 6, ಮೂರೂ ಕಡೆ ಗುಂಪು ತುಂಬಿತು. ರಾಶಿ ಮತ್ತೆ 60ರ ಮಗ್ಗಿಗೆ ಬಂತು. ತಂದ ಕಾಯಿ ಹಿಂದಿರುಗಿಸಿದರೆ 59, ಅಥವಾ 119. ತರಗತಿಯಲ್ಲಿ ನಾನು ಇದನ್ನು ಹುಣಿಸೆಬೀಜ ಹಿಡಿದು ಮಾಡಿಸುತ್ತಿದ್ದೆ. 59 ಬೀಜ ಮೇಜಿನ ಮೇಲೆ ಹರಡಿ, ಒಬ್ಬರು ನಾಲ್ಕರ ಗುಂಪು, ಒಬ್ಬರು ಐದರ ಗುಂಪು, ಒಬ್ಬರು ಆರರ ಗುಂಪು ಕಟ್ಟಿ, ಪ್ರತಿ ಸಲವೂ ಕೊನೆಯ ಗುಂಪಿನಲ್ಲಿ ಒಂದೇ ಬೀಜದ ಜಾಗ ಖಾಲಿ ಉಳಿಯುವುದನ್ನು ನೋಡುತ್ತಿದ್ದರು. ಆ ಖಾಲಿ ಜಾಗ ಕಣ್ಣಿಗೆ ಬಿದ್ದ ಮಗು ಈ ಲೆಕ್ಕವನ್ನು ಮತ್ತೆ ತಪ್ಪುವುದಿಲ್ಲ.

ಶೇಷಗಳು ಒಂದೇ ಇರಬೇಕು, ಇಲ್ಲವೇ ಎಲ್ಲ ಕಡೆ ಕೊರತೆ ಒಂದೇ ಇರಬೇಕು. ಎರಡೂ ಅಲ್ಲದ ಲೆಕ್ಕಗಳು ಬರೀ ಲಸಾಅಕ್ಕೆ ಬಗ್ಗುವುದಿಲ್ಲ. ಏಳನೇ ಶತಮಾನದ ಒಂದನೇ ಭಾಸ್ಕರ ಕೊಟ್ಟಿರುವ ಲೆಕ್ಕವೊಂದಿದೆ: 8ರಿಂದ ಭಾಗಿಸಿದರೆ 5, 9ರಿಂದ 4, 7ರಿಂದ 1 ಉಳಿಯುವ ಸಂಖ್ಯೆ. ಉತ್ತರ 85. ಅದಕ್ಕೆ 'ಕುಟ್ಟಕ' ಎಂಬ ಬೇರೆ ವಿಧಾನವೇ ಇದೆ. ಆರನೇ ತರಗತಿಗೆ ಅದು ಬೇಡ.

ಕೆಲವು ಲೆಕ್ಕಗಳಲ್ಲಿ ಲಸಾಅ ಸಿಕ್ಕ ಮೇಲೂ ಉತ್ತರ ಸಿಕ್ಕಿರುವುದಿಲ್ಲ. ಆಗಸ್ಟ್ 15ಕ್ಕೆ ಮಕ್ಕಳಿಗೆ ಒಂದೊಂದು ಲಾಡು, ಒಂದೊಂದು ಬಾವುಟ ಕೊಡಬೇಕು. ಲಾಡು ಡಬ್ಬಿಯಲ್ಲಿ 20, ಬಾವುಟದ ಕಟ್ಟಿನಲ್ಲಿ 12. ಏನೂ ಮಿಕ್ಕದ ಹಾಗೆ ಕನಿಷ್ಠ ಎಷ್ಟು ಡಬ್ಬಿ, ಎಷ್ಟು ಕಟ್ಟು ತರಬೇಕು? ಲಸಾಅ 60. ಕೇಳಿದ್ದು 60 ಅಲ್ಲ, 3 ಡಬ್ಬಿ, 5 ಕಟ್ಟು. ಹಾಗೆಯೇ ಒಂದು ಬೆಲ್ಲು "ಒಂದೂವರೆ ಗಂಟೆಗೊಮ್ಮೆ", ಇನ್ನೊಂದು "40 ನಿಮಿಷಕ್ಕೊಮ್ಮೆ" ಬಾರಿಸುತ್ತದೆ ಎಂದರೆ ಮೊದಲು ಎರಡನ್ನೂ ನಿಮಿಷಕ್ಕೆ ತರಬೇಕು: 90 ಮತ್ತು 40, ಲಸಾಅ 360 ನಿಮಿಷ, 6 ಗಂಟೆ. ಎರಡು ಸಂಖ್ಯೆಗಳ ಗುಣಲಬ್ಧ ಅವುಗಳ ಲಸಾಅ, ಮಸಾಅಗಳ ಗುಣಲಬ್ಧಕ್ಕೆ ಸಮ ಎಂಬ ನಿಯಮವನ್ನು ಎರಡೇ ಸಂಖ್ಯೆಗಳಿಗೆ ಬಳಸಬೇಕು, ಮೂರಕ್ಕೆ ಅದು ಹೊಂದುವುದಿಲ್ಲ.

ಮೈದಾನ ಸುತ್ತುವ ಲೆಕ್ಕದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕ್ರೀಡಾಂಗಣದಲ್ಲಿ ಅಕ್ಕ 6 ನಿಮಿಷಕ್ಕೆ ಒಂದು ಸುತ್ತು ಹಾಕುತ್ತಾಳೆ, ತಮ್ಮ 10 ನಿಮಿಷಕ್ಕೆ. ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ಹೊರಟರು. ಲಸಾಅ 30. ಆದರೆ "ಮತ್ತೆ ಮೊದಲ ಬಾರಿಗೆ ಯಾವಾಗ ಸಿಗುತ್ತಾರೆ?" ಎಂದು ಕೇಳಿದ್ದರೆ 30 ತಪ್ಪು. 15ನೇ ನಿಮಿಷಕ್ಕೆ ಅಕ್ಕ ಎರಡೂವರೆ ಸುತ್ತು ಮುಗಿಸಿರುತ್ತಾಳೆ, ತಮ್ಮ ಒಂದೂವರೆ. ಇಬ್ಬರೂ ಮೈದಾನದ ಆಚೆ ತುದಿಯಲ್ಲಿ ಜೊತೆಯಾಗಿರುತ್ತಾರೆ. ಲಸಾಅ ಹೇಳುವುದು "ಹೊರಟ ಜಾಗದಲ್ಲೇ" ಸಿಗುವ ಹೊತ್ತನ್ನು. ಒಳ್ಳೆಯ ಪ್ರಶ್ನೆಪತ್ರಿಕೆಯಲ್ಲಿ ಆ ಮಾತು ಇದ್ದೇ ಇರುತ್ತದೆ, ಅದಕ್ಕೆ ಗೆರೆ ಎಳೆಯಲು ಕಲಿಸಿ.

ಇದೇ ಲೆಕ್ಕ ಆಕಾಶದಲ್ಲೂ ನಡೆಯುತ್ತಿದೆ, ನನಗೆ ಬಹಳ ಪ್ರಿಯವಾದ ಉದಾಹರಣೆ. ಗುರು ಗ್ರಹ ರಾಶಿಚಕ್ರ ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30 ವರ್ಷ. ಇಬ್ಬರೂ ಸುಮಾರು 20 ವರ್ಷಕ್ಕೊಮ್ಮೆ ಎಲ್ಲೋ ಒಂದು ಕಡೆ ಜೊತೆಯಾಗುತ್ತಾರೆ: 2000ದಲ್ಲಿ ಆಯಿತು, 2020ರ ಡಿಸೆಂಬರ್ 21ರಂದು ಆಯಿತು. ಆದರೆ ಅದೇ ರಾಶಿಯಲ್ಲಿ ಜೊತೆಯಾಗಲು 12 ಮತ್ತು 30ರ ಲಸಾಅದಷ್ಟು, 60 ವರ್ಷ ಬೇಕು. 1961ರಲ್ಲಿ ಮಕರ ರಾಶಿಯಲ್ಲಿ ಕೂಡಿದ್ದ ಗುರು, ಶನಿ 2020ರಲ್ಲಿ ಮತ್ತೆ ಮಕರದಲ್ಲೇ ಕೂಡಿದರು. ನಿಖರವಾಗಿ ಹೇಳಿದರೆ ಗುರುವಿನ ಸುತ್ತು 11.86 ವರ್ಷ, ಶನಿಯದು ಸುಮಾರು 29.5, ಅದಕ್ಕೇ 60 ವರ್ಷಕ್ಕೆ ಕೆಲವು ತಿಂಗಳು ಕಡಿಮೆ. ನಮ್ಮ ಪಂಚಾಂಗದಲ್ಲೂ ಪ್ರಭವದಿಂದ ಅಕ್ಷಯದ ತನಕ ಸಂವತ್ಸರಗಳು 60. 1987ರ ಯುಗಾದಿಗೆ ಬಂದ ಪ್ರಭವ ಮತ್ತೆ ಬರುವುದು 2047ಕ್ಕೆ. ಅಜ್ಜನ ಅರವತ್ತರ ಶಾಂತಿಗೆ ಹೋಗಿಬಂದ ಮಗುವಿಗೆ ಇದನ್ನು ಹೇಳಿ ನೋಡಿ, ಕಣ್ಣು ಅರಳುತ್ತದೆ.

ಹೆಜ್ಜೆ ಸಮನಾಗಿದ್ದರೆ ಮಾತ್ರ ಲಸಾಅ ನಡೆಯುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ಎನ್ನುತ್ತೇವೆ. 1981, 1993, 2006, 2018. ಮಗಳಿಗೆ ಕಳೆಯಲು ಹೇಳಿ: 12, 13, 12. ಇದನ್ನು ಇನ್ನೊಂದು ಸಂಖ್ಯೆಯೊಂದಿಗೆ ಸೇರಿಸಿ ಲಸಾಅ ತೆಗೆದು ವರ್ಷ ಹೇಳಿದರೆ ತಪ್ಪಿಹೋಗಬಹುದು. ಪುಸ್ತಕದ ಲೆಕ್ಕದಲ್ಲಿ "ಪ್ರತಿ" ಎಂದಿದ್ದರೆ ಹೆಜ್ಜೆ ಒಂದು ಕೂದಲೂ ಅಲುಗುವುದಿಲ್ಲ ಎಂದು ಅರ್ಥ.

ಅಂದಹಾಗೆ, ಲಸಾಅ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಲಸಾಅ ಬಳಸಿ, ಅದನ್ನು 'ನಿರುದ್ಧ' ಎಂದು ಕರೆದರು. ನಿಮ್ಮ ಮಗಳು 1/12ಕ್ಕೆ 1/18 ಕೂಡಿಸುವಾಗ ಛೇದವನ್ನು 36 ಮಾಡುತ್ತಾಳಲ್ಲ, ಅದೇ ಕೆಲಸ.

ದಿನಕ್ಕೆ ಎಷ್ಟು ಲೆಕ್ಕ ಎಂದು ಕೇಳಿದ್ದೀರಿ. ಎರಡು ಸಾಕು. ಇಪ್ಪತ್ತು ಮಾಡಿಸಿದರೆ ಮಗು ಮತ್ತೆ ಪದ ಹುಡುಕುವ ಅಭ್ಯಾಸಕ್ಕೇ ಬೀಳುತ್ತದೆ. ಮೊದಲ ವಾರ ಪೆನ್ಸಿಲ್ ಮುಟ್ಟುವುದೇ ಬೇಡ. ಲೆಕ್ಕ ಓದಲಿ, ಹೆಜ್ಜೆ ಎಷ್ಟೆಷ್ಟು ಹೇಳಲಿ, ಯಾವುದು ಪಾವು, ಯಾವುದು ಸೇರು ಹೇಳಲಿ, ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ದೊಡ್ಡದೋ ಚಿಕ್ಕದೋ ಅಂದಾಜು ಹೇಳಲಿ. ಎರಡನೇ ವಾರದಿಂದ ಬಿಡಿಸಲಿ, ಬಿಡಿಸಿದ ಮೇಲೆ ಉತ್ತರವನ್ನು ಕೊಟ್ಟ ಸಂಖ್ಯೆಗಳಿಂದ ಭಾಗಿಸಿ ತಾಳೆ ನೋಡಲಿ. ಮೂರನೇ ವಾರ ಅವಳೇ ನಿಮಗೆ ಲೆಕ್ಕ ಕೊಡಲಿ. ಮನೆಯ ನಲ್ಲಿ ನೀರು, ಹೂವಿನವರು ಬರುವ ದಿನ, ಸಂತೆ ದಿನ, ಯಾವುದಾದರೂ ಸರಿ, ಹೆಜ್ಜೆ ಅವಳದೇ ಆಗಿರಲಿ. ಅವಳು "ಎರಡು ದಿನ ಬಿಟ್ಟು" ಎಂದು ಬೇಕೆಂದೇ ಬರೆದು, ನೀವು 2 ಹಿಡಿಯುತ್ತೀರೋ 3 ಹಿಡಿಯುತ್ತೀರೋ ಎಂದು ನಿಮ್ಮ ಮುಖ ನೋಡಿದ ದಿನ ಲೆಕ್ಕ ಕೊಡುವುದನ್ನು ನಿಲ್ಲಿಸಿ, ಮುಂದಿನ ಪಾಠಕ್ಕೆ ಹೋಗಿ.